ಎರಡು ಫೂಲಿನ ಫೇಸ್‌ಪ್ಯಾಕು

"ಈ ಶನಿವಾರ ಭಾನುವಾರ ನನ್ನ ಮುಖ ಇತಿಹಾಸ ಸೇರುತ್ತೆ, ನೋಡ್ತಾ ಇರಿ!" ಎಂದು ಅರ್ಚಿತಾ ಘೋಷಿಸಿದಾಗ ಅವಳ ಗಂಡ ಪ್ರಜ್ವಲ್ ಮಂಚದ ಕೆಳಗೆ ತಲೆ ತೂರಿಸಿ ಮಗಳ ಒಂಟಿ ಚಪ್ಪಲಿ ಹುಡುಕುತ್ತಿದ್ದ.

"ಯಾವ ಇತಿಹಾಸ? ಪ್ರಾಚೀನದ್ದಾ, ಆಧುನಿಕದ್ದಾ?" ಎಂಬ ಪ್ರಶ್ನೆ ಮಂಚದಡಿಯಿಂದಲೇ ಬಂತು.

ಮಹಾಕಾರ್ಯಕ್ಕೆ ಹೊರಟವರು ಮಂಚದಡಿಯ ಮಾತಿಗೆಲ್ಲ ಕಿವಿಗೊಡುವುದಿಲ್ಲ!

ಕಾರಣವೇನೂ ಸಣ್ಣದಲ್ಲ. ಮಗಳು ಆಶ್ರಿತಾಳ ನರ್ಸರಿಯಲ್ಲಿ ಪ್ರತಿ ಮಗುವಿನ ಮನೆಯವರ ಫೋಟೋವನ್ನು ಗೋಡೆಗೆ ಅಂಟಿಸುತ್ತಿದ್ದರು. ಅರ್ಚಿತಾ ಫೋನು ತೆಗೆದು ಹುಡುಕಿದಳು. ಆಶ್ರಿತಾ ನಗುವ ಫೋಟೋ, ಅಳುವ ಫೋಟೋ, ಅಳಲು ತಯಾರಾಗುತ್ತಿರುವ ಫೋಟೋ. ಆಶ್ರಿತಾ ಮತ್ತು ಪಪ್ಪ, ಆಶ್ರಿತಾ ಮತ್ತು ಅಜ್ಜಿ, ಆಶ್ರಿತಾ ಮತ್ತು ಕೆಳಮನೆಯ ನಾಯಿ. ಅಮ್ಮ? ಒಂದರಲ್ಲಿ ದುಪಟ್ಟಾದ ತುದಿ. ಇನ್ನೊಂದರಲ್ಲಿ ಫೋನು ಹಿಡಿದ ನೆರಳು. ಮತ್ತೊಂದರಲ್ಲಿ ಒಂದು ಮೊಣಕೈ. ಮನೆಯಲ್ಲಿ ಫೋಟೋ ತೆಗೆಯುವವಳು ಯಾವಾಗಲೂ ಅವಳೇ ಆದ್ದರಿಂದ ಅವಳೇ ಎಲ್ಲೂ ಇರಲಿಲ್ಲ. ಅಪರೂಪಕ್ಕೆ ಪ್ರಜ್ವಲ್ ತೆಗೆದದ್ದುಂಟು. ಅವನು ಅಹಮದಾಬಾದಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಉಪಗ್ರಹಗಳ ಕ್ಯಾಮೆರಾ ಜೋಡಿಸುವವನು. ಆಕಾಶದಿಂದ ಹೊಲದ ಬದುವನ್ನು ಸ್ಪಷ್ಟವಾಗಿ ಹಿಡಿಯಬಲ್ಲ ಮಹಾಶಯ, ಎದುರಿಗೆ ನಿಂತ ಹೆಂಡತಿಯ ಫೋಟೋದಲ್ಲಿ ಮಾತ್ರ ತಲೆ ಹಾರಿಸಿಬಿಡುತ್ತಿದ್ದ!

ಬೇರೆ ದಾರಿಯಿಲ್ಲದೆ ಅವಳು ಮೊಣಕೈ ಫೋಟೋವನ್ನೇ ಕಳಿಸಿದ್ದಳು. ವಿಂಧ್ಯಾ ಟೀಚರ್ ಮೆಲ್ಲಗೆ "ಇದರಲ್ಲಿ ಮಮ್ಮಿ ಎಲ್ಲಿ?" ಎಂದು ಕೇಳಿದರಂತೆ. ಆಶ್ರಿತಾ ಹೆಮ್ಮೆಯಿಂದ ಮೊಣಕೈ ತೋರಿಸಿ "ಇದೇ ಮಮ್ಮಾ" ಎಂದಳಂತೆ. ಆ ಮೊಣಕೈ ಅರ್ಚಿತಾಳ ಎದೆಗೇ ತಿವಿಯಿತು. ಟೀಚರ್ ಸೋಮವಾರ ಬೆಳಗಿನವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಮೂವರೂ ಇರುವ, ಅದರಲ್ಲೂ ಅಮ್ಮನ ಮುಖ ಪೂರ್ತಿ ಇರುವ ಒಂದು ಫೋಟೋ ಆಗಲೇಬೇಕು!

ಮಗು ಹುಟ್ಟಿದ ಮೇಲೆ ಮೂವರೂ ಸುಮ್ಮನೆ ಸುತ್ತಾಡಲೆಂದು ಎಲ್ಲಿಗೂ ಹೋಗಿರಲಿಲ್ಲ. ವಡೋದರಾದ ಆಲ್ಕಾಪುರಿಯಲ್ಲಿ ಅರ್ಚಿತಾಳ ಚಿಕ್ಕಮ್ಮನ ಮಗಳು ಕಾವ್ಯಾ ಫ್ಲ್ಯಾಟು ಬಾಡಿಗೆಗೆ ಹಿಡಿದಿದ್ದಳು. ಅವಳು ಗೆಳತಿಯ ಮದುವೆಗೆಂದು ಸೂರತ್‌ಗೆ ಹೊರಟಿದ್ದಳು. "ಬೀಗದಕೈ ವಾಚ್‌ಮನ್ ಹತ್ರ ಇರುತ್ತೆ, ಬಂದು ಇರಿ ಅಕ್ಕಾ" ಎಂದಳು. ಶನಿವಾರ ವಿಶ್ರಾಂತಿ ಮತ್ತು ಮುಖಸಂಸ್ಕಾರ, ಭಾನುವಾರ ಪಾರ್ಕಿನಲ್ಲಿ ಫೋಟೋ. ಯೋಜನೆ ಸಿದ್ಧ!

"ಪಾರ್ಲರ್‌ಗೆ ಹೋಗಿ ಬರಬಾರದಾ?" ಪ್ರಜ್ವಲ್ ಕೇಳಿದ.

"ಪಾರ್ಲರ್! ಕಡಲೆಹಿಟ್ಟು, ಮೊಸರು, ಚಿಟಿಕೆ ಅರಿಶಿನ. ಅಷ್ಟಿದ್ರೆ ಯಾವ ಪಾರ್ಲರೂ ಬೇಡ. ನಮ್ಮಜ್ಜಿ ಕೆನ್ನೆ ನೋಡಿದೀರಲ್ಲ?"

"ಹಾಗಾದ್ರೆ ಹಿಟ್ಟು ಇಲ್ಲಿಂದ್ಲೇ ಕಟ್ಟಿಕೋ."

"ಗುಜರಾತಲ್ಲಿ ಕಡಲೆಹಿಟ್ಟು ಇಲ್ಲದ ಅಡುಗೆಮನೆ ಒಂದು ತೋರಿಸಿ, ನೋಡೋಣ!"

ಅದನ್ನು ಕಾವ್ಯಾ ತೋರಿಸಿದಳು. ಶನಿವಾರ ಮಧ್ಯಾಹ್ನ ರೈಲಿಳಿದು ಫ್ಲ್ಯಾಟು ಸೇರಿ ಅಡುಗೆಮನೆ ತಡಕಾಡಿದರೆ ಸಿಕ್ಕಿದ್ದು ನೂಡಲ್ಸ್ ಪೊಟ್ಟಣ, ಗ್ರೀನ್ ಟೀ, ಫ್ರಿಜ್ಜಿನಲ್ಲಿ ಒಂದು ಕಪ್ ಮೊಸರು. ಅರ್ಚಿತಾ ಸೂರತ್‌ಗೆ ಫೋನು ಹಚ್ಚಿದಳು.

"ಕಡಲೆಹಿಟ್ಟಾ?" ಕಾವ್ಯಾ ಮದುವೆಮನೆಯ ಡೋಲಿನ ಸದ್ದಿನ ಮಧ್ಯೆ ಕಿರುಚಿದಳು. "ನಾನು ಗ್ಯಾಸ್ ಹಚ್ಚೋದೇ ಟೀಗೆ ಅಕ್ಕಾ! ಎದುರುಮನೆ ಚಂಪಾಬೆನ್ ಹತ್ರ ಕೇಳು. ನಿಂಗೆ ಗುಜರಾತಿ ಬರುತ್ತಲ್ಲ?"

"ಬರುತ್ತಾ ಅಂದ್ರೆ? ನೀರು ಕುಡಿದ ಹಾಗೆ!"

ಇದು ಬರೀ ಜಂಬವಲ್ಲ. ಅಹಮದಾಬಾದಿಗೆ ಬಂದ ಹೊಸದರಲ್ಲಿ ತರಕಾರಿಯವನು ಮಾತುಮಾತಿಗೆ "ಸಾರು, ಸಾರು" ಎಂದಾಗ, ಪಾಪ, ಹಸಿದಿರಬೇಕು ಎಂದು ಅವಳು ಮರುಗಿದ್ದುಂಟು. ಅದು 'ಸರಿ, ಒಳ್ಳೆಯದು' ಎಂದು ಆಮೇಲೆ ತಿಳಿಯಿತು. ಇಲ್ಲಿ ಹಿಟ್ಟಿಗೆ 'ಲೋಟ್' ಎನ್ನುತ್ತಾರೆ ಎಂದು ಗೊತ್ತಿಲ್ಲದೆ ಪ್ರಜ್ವಲ್ ಅಂಗಡಿಯಿಂದ ಸ್ಟೀಲಿನ ಲೋಟ ಹೊತ್ತು ತಂದದ್ದೂ ಉಂಟು. ಅದೆಲ್ಲ ಹಳೆಯ ಕಥೆ. ಈಗ ಅರ್ಚಿತಾ ಆಟೋದವರ ಜೊತೆ ಗುಜರಾತಿಯಲ್ಲೇ ಜಗಳವಾಡಿ ಗೆದ್ದು ಬರುವ ಮಟ್ಟಕ್ಕೆ ಏರಿದ್ದಳು!

ಎದುರುಮನೆಯ ಬಾಗಿಲು ತೆರೆದದ್ದು ತುಂಬುಗೆನ್ನೆಯ, ಹೊಳೆಯುವ ಮುಖದ ಹೆಂಗಸು. ಈ ಕೆನ್ನೆಗಳೇ ಸಾಕ್ಷಿ, ಈಕೆಗೆ ಗುಟ್ಟು ಗೊತ್ತು ಎಂದು ಅರ್ಚಿತಾಳ ಮನಸ್ಸು ಹೇಳಿತು. ಕಾವ್ಯಾಳ ಅಕ್ಕ ಎಂದು ಪರಿಚಯ ಹೇಳಿಕೊಂಡು, ಸ್ವಲ್ಪ ಕಡಲೆಹಿಟ್ಟು ಬೇಕಿತ್ತು ಎಂದು ಅಚ್ಚ ಗುಜರಾತಿಯಲ್ಲಿ ಕೇಳಿದಳು.

"ಯಾತಕ್ಕೆ ಬೇನ್?" ಎಂದರು ಚಂಪಾಬೆನ್.

"ಮೋಢಾ ಮಾಟೆ!" ಮುಖಕ್ಕೆ ಎಂದು ಅರ್ಚಿತಾ ಬಾಯಿಯ ಸುತ್ತ ಬೆರಳಾಡಿಸಿ ತೋರಿಸಿದಳು.

ಚಂಪಾಬೆನ್ ಮುಖ ಅರಳಿತು. "ತಿಳೀತು, ತಿಳೀತು!" ಎಂದು ಒಳಗೆ ಹೋಗಿ ಒಂದು ದೊಡ್ಡ ಡಬ್ಬಿಯೊಂದಿಗೆ ಬಂದರು. "ಬರೀ ಹಿಟ್ಟು ಯಾಕೆ? ಸೂರತ್‌ನಲ್ಲಿರೋ ಮಗಳಿಗೆ ಅಂತ ನಾನೇ ಬೆರೆಸಿಟ್ಟಿದೀನಿ. ಅರಿಶಿನ ಇದೆ. ಲಿಂಬು ನಾ ಫೂಲ್ ಇದೆ. ಸಾಜಿ ನಾ ಫೂಲ್ ಇದೆ. ನೀನು ಕಲಸಿದ್ರೆ ಸಾಕು."

ಅರ್ಚಿತಾಳಿಗೆ ರೋಮಾಂಚನವಾಯಿತು. ಲಿಂಬು ನಾ ಫೂಲ್! ಎಂದರೆ ನಿಂಬೆಯ ಹೂವು. ಸಾಜಿ ನಾ ಫೂಲ್? ಸಾಜಿ ಎಂದರೆ ನಮ್ಮ ಜಾಜಿಯೇ ಇರಬೇಕು, ಇನ್ನೇನು! ನಿಂಬೆಹೂವು, ಜಾಜಿಹೂವು ಒಣಗಿಸಿ ಪುಡಿಮಾಡಿ ಬೆರೆಸಿದ ಹಿಟ್ಟು! ನಮ್ಮಜ್ಜಿಗೂ ಹೊಳೆಯದ ಯೋಗ!

"ಕಲಸಿದ ಮೇಲೆ ಚೆನ್ನಾಗಿ ಬಾಫ್ ಕೊಡು" ಎಂದರು ಚಂಪಾಬೆನ್. ಬಾಫ್ ಎಂದರೆ ಹಬೆ. ಫೇಶಿಯಲ್ ಸ್ಟೀಮ್! ಹಬೆ ಹಿಡಿದು ಆಮೇಲೆ ಪ್ಯಾಕ್ ಹಚ್ಚುವುದನ್ನು ಅರ್ಚಿತಾ ಕೇಳಿದ್ದಳು. ಇಲ್ಲಿ ಹಚ್ಚಿದ ಮೇಲೆ ಹಬೆ. ಇರಲಿ, ಇದು ವಡೋದರಾ ಪದ್ಧತಿ!

"ಆಮೇಲೆ ವಘಾರ್ ನಾನೇ ತರ್ತೀನಿ. ಅದಿಲ್ಲದೆ ಕಳೆ ಬರಲ್ಲ."

ವಘಾರ್ ಏನೆಂದು ಅರ್ಚಿತಾಳಿಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಸವರುವ ಯಾವುದೋ ತೈಲವಿರಬೇಕು. ಗೊತ್ತಿಲ್ಲ ಎನ್ನುವುದು ನೀರು ಕುಡಿದ ಹಾಗೆ ಗುಜರಾತಿ ಆಡುವವರಿಗೆ ಶೋಭೆಯಲ್ಲ. "ಸಾರು, ಸಾರು!" ಎಂದು ತಲೆಯಾಡಿಸಿ ಬಂದಳು.

ಬಟ್ಟಲಿನಲ್ಲಿ ಹಿಟ್ಟಿಗೆ ಮೊಸರು ಬಿದ್ದಿದ್ದೇ ತಡ, 'ಚುಂಯ್' ಎಂದು ನೊರೆಯೆದ್ದಿತು.

"ಅರ್ಚಿ, ಇದು ಉಸಿರಾಡ್ತಾ ಇದೆ" ಎಂದ ಪ್ರಜ್ವಲ್ ಹಿಂದೆ ಸರಿದು.

"ಹೂವಿನ ಶಕ್ತಿ ರೀ. ತಾಜಾ ಇದ್ರೆ ಹಾಗೇ."

ಹಣೆಯಿಂದ ಗಲ್ಲದವರೆಗೆ ಗೋಡೆಗೆ ಗಾರೆ ಮೆತ್ತುವಂತೆ ದಪ್ಪಗೆ ಮೆತ್ತಿಕೊಂಡಳು. ಬಿಸಿನೀರಿನ ಪಾತ್ರೆಯ ಮೇಲೆ ಬಾಗಿ, ತಲೆಯ ಮೇಲೆ ಟವೆಲ್ ಹೊದ್ದು ಕೂತಳು. ಮುಖದ ಮೇಲೆ ಸಾವಿರ ಇರುವೆಗಳು ಜಾತ್ರೆ ಹೊರಟಂತೆ ಚುರುಚುರು ಎಂದಿತು. ಸೌಂದರ್ಯ ಸುಮ್ಮನೆ ಬರುತ್ತದೆಯೇ? ಹಲ್ಲು ಕಚ್ಚಿದಳು. ಚರ್ಮ ಬಿಗಿಯಿತು. ಆಮೇಲೆ ಭಾರವಾಯಿತು. ಆಮೇಲೆ ಕಣ್ಣಿನ ಕೆಳಗೆ ಏನೋ ಅಡ್ಡ ಬಂದಂತಾಯಿತು. ಅದು ಅವಳದೇ ಕೆನ್ನೆ!

ಆಶ್ರಿತಾ ಟವೆಲ್ಲಿನಡಿ ಇಣುಕಿದಳು. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದ ಆ ಪುಟ್ಟ ಬಾಯಿಗೆ ಕನ್ನಡಕ್ಕಿಂತ ಗುಜರಾತಿಯೇ ಮೊದಲು ಬರುತ್ತಿತ್ತು. "ಪಪ್ಪಾ! ಮಮ್ಮಾ ಫೂಲೀ ಗಯೀ!" ಎಂದು ಕೂಗಿದಳು.

"ನೋಡಿದ್ರಾ? ಮಗು ಬಾಯಲ್ಲೇ ಬಂತು, ಅಮ್ಮ ಹೂವಾದ್ಲು ಅಂತ!" ಎಂದಳು ಅರ್ಚಿತಾ, ತುಟಿ ಅಲ್ಲಾಡಿಸದೆ.

"ಹೂವಲ್ಲ ಕಣೇ" ಎಂದ ಪ್ರಜ್ವಲ್ ಟವೆಲ್ ಎತ್ತಿ ನೋಡಿ. "ಫೂಲೀ ಗಯೀ ಅಂದ್ರೆ ಉಬ್ಬಿಹೋದ್ಲು ಅಂತ. ಮಾತಾಡ್ಬೇಡ, ಎಡಗೆನ್ನೆ ಬಿರುಕು ಬಿಡ್ತಿದೆ."

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ತೈಲ ಬಂತು ಎಂದು ಅರ್ಚಿತಾಳೇ ಓಡಿಹೋಗಿ ಬಾಗಿಲು ತೆರೆದಳು.

ಹೊಸ್ತಿಲಾಚೆ ಚಂಪಾಬೆನ್. ಅವರ ಒಂದು ಕೈಯಲ್ಲಿ ಹೆಚ್ಚಿದ ಕೊತ್ತಂಬರಿಸೊಪ್ಪಿನ ತಟ್ಟೆ. ಇನ್ನೊಂದು ಕೈಯಲ್ಲಿ ಪುಟ್ಟ ಬಾಣಲೆ. ಅದರಲ್ಲಿ ಎಣ್ಣೆ, ಸಾಸಿವೆ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು ಇನ್ನೂ ಚಟಪಟ ಎನ್ನುತ್ತಿದ್ದವು. ವಘಾರ್ ಎಂದರೆ ಒಗ್ಗರಣೆ!

"ಖಮಣ್ ಆಯ್ತಾ ಬೇನ್?" ಎನ್ನುತ್ತ ತಲೆಯೆತ್ತಿದ ಚಂಪಾಬೆನ್ ಹಾಗೆಯೇ ನಿಂತರು. ಖಮಣ್ ಎಂದರೆ ಕಡಲೆಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ತಿಂಡಿ, ಢೋಕ್ಲಾದ ತಂಗಿ. ಹಳದಿ ಬಣ್ಣ, ಉಬ್ಬಿದ ಮೈ, ತುಂಬ ತೂತು. ಅದು ಆಗಿತ್ತು. ತಾನಾಗಿಯೇ ನಡೆದು ಬಂದು ಬಾಗಿಲನ್ನೂ ತೆರೆದಿತ್ತು!

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಗ್ಗರಣೆ ಒಮ್ಮೆ 'ಚಟ್' ಎಂದಿತು. ಅರ್ಚಿತಾಳ ಹಣೆಯಿಂದ ಒಂದು ತುಂಡು ಕಳಚಿ ಸರಿಯಾಗಿ ಕೊತ್ತಂಬರಿ ತಟ್ಟೆಗೇ ಬಿತ್ತು.

ಚಂಪಾಬೆನ್ ನಕ್ಕರು. ಬಾಣಲೆ ಕೆಳಗಿಟ್ಟು ನಕ್ಕರು, ಗೋಡೆ ಹಿಡಿದು ನಕ್ಕರು, ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಂಡು ನಕ್ಕರು. ಗುಟ್ಟು ಬಿಚ್ಚಿಕೊಂಡಿದ್ದು ಆಮೇಲೆ. ಆ 'ಮೋಢಾ' ಎಂದರೆ ಮುಖವೂ ಹೌದು, ಬಾಯಿಯೂ ಹೌದು. ಬಾಯಿಗೆ ಏನಾದರೂ ಬೇಕು ಎಂದು ಈ ಹುಡುಗಿ ಸಂಕೋಚದಿಂದ ಕೇಳುತ್ತಿದ್ದಾಳೆ ಎಂದುಕೊಂಡು ಅವರು ಖಮಣ್ ಹಿಟ್ಟು ಕೊಟ್ಟಿದ್ದರು. ಲಿಂಬು ನಾ ಫೂಲ್ ಎಂದರೆ ಹೂವಲ್ಲ, ಅಂಗಡಿಯಲ್ಲಿ ಸಿಗುವ ನಿಂಬೆಹುಳಿಯ ಹರಳು. ಸಾಜಿ ನಾ ಫೂಲ್ ಎಂದರೆ ಜಾಜಿಯ ನೆಂಟನೂ ಅಲ್ಲ, ಅಡುಗೆ ಸೋಡಾ!

"ಲಿಂಬು ನಾ ಒಂದು ಫೂಲ್, ಸಾಜಿ ನಾ ಒಂದು ಫೂಲ್" ಪ್ರಜ್ವಲ್ ಬೆರಳು ಮಡಚಿದ. "ಮೂರನೇ ಫೂಲ್ ಯಾರು ಅಂತ ನಾನು ಹೇಳಲ್ಲಪ್ಪ."

"ಹೇಳಿ ನೋಡಿ! ಈ ಬಾಣಲೆ ನಿಮ್ಮ ತಲೆ ಮೇಲೆ!"

ಚಂಪಾಬೆನ್ ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಸ್ವಂತ ಮಗಳಿಗೆ ಮಾಡುವಂತೆ ಮೇಲಿಂದ ಮೇಲೆ ತಣ್ಣೀರು ಹೊಯ್ದು ತೊಳೆದರು. ಖಮಣ್ ಹೋಯಿತು. ಕೆಳಗೆ ಟೊಮೇಟೊ ಇತ್ತು! ಮೂಗು, ಕೆನ್ನೆ, ಗಲ್ಲ, ಎಲ್ಲ ಒಂದೇ ಕೆಂಪು. ತಣ್ಣನೆಯ ಹಾಲಿನ ಕೆನೆ ಸವರಿ, "ಉರಿ ಇವತ್ತೇ ಇಳಿಯುತ್ತೆ, ಕೆಂಪು ನಾಳೆ ನಾಡಿದ್ದು" ಎಂದು ತೀರ್ಪು ಕೊಟ್ಟು ಹೋದರು.

ನಾಳೆ ನಾಡಿದ್ದು! ನಾಡಿದ್ದು ಸೋಮವಾರ. ಅರ್ಚಿತಾ ಕನ್ನಡಿ ಮುಂದೆ ಕೂತಳು. ಈಗ ಅವಳಿಗೆ ನಗು ಬರಲಿಲ್ಲ.

"ಫೋಟೋ ಬೇಡ ಬಿಡಿ. ಗೋಡೆ ಮೇಲೆ ಆ ಮೊಣಕೈಯೇ ಇರಲಿ" ಎಂದಳು.

ಪ್ರಜ್ವಲ್ ಈ ಸಲ ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಕೂತ. "ಅರ್ಚಿ, ನಿನ್ನ ಮಗಳು ಮೊಣಕೈ ನೋಡಿ ಅಮ್ಮ ಅಂದವಳು. ಅವಳಿಗೆ ಬಣ್ಣದ ಚಿಂತೆ ಇಲ್ಲ ಕಣೇ. ಟೊಮೇಟೊ ಆದ್ರೆ ಆಗಲಿ. ಇಡೀ ಟೊಮೇಟೊ ಬರಲಿ."

ಭಾನುವಾರ ಬೆಳಿಗ್ಗೆ ಚಂಪಾಬೆನ್ ತಾವೇ ಪಾರ್ಕಿಗೆ ಬಂದರು. ಪ್ರಜ್ವಲ್ ಕೈಗೆ ಕ್ಯಾಮೆರಾ ಕೊಡುವ ಅಪಾಯಕ್ಕೆ ಯಾರೂ ತಯಾರಿರಲಿಲ್ಲ. ಅರ್ಚಿತಾ ದುಪಟ್ಟಾವನ್ನು ಮೂಗಿನವರೆಗೆ ಎಳೆದುಕೊಂಡಳು. "ತೆಗಿ ಅದನ್ನ!" ಎಂದು ಚಂಪಾಬೆನ್ ಗದರಿದರು. ತೆಗೆದಳು. ಮಗಳು ಎರಡೂ ಕೈಯಿಂದ ಅವಳ ಕೆನ್ನೆ ಹಿಡಿದು "ಮಮ್ಮಾ ಗರಂ ಗರಂ!" ಎಂದಳು. ಅರ್ಚಿತಾ ನಕ್ಕೇಬಿಟ್ಟಳು. ಕ್ಲಿಕ್!

ಮುಖ ಕೆಂಪಾಗಿಯೇ ಬಂದಿತ್ತು. ಆದರೆ ಪೂರ್ತಿ ಬಂದಿತ್ತು. ಕಣ್ಣು, ಮೂಗು, ಬಾಯಿ, ಕೆದರಿದ ಕೂದಲು ಎಲ್ಲ ಸೇರಿ. ಮಗಳ ಪಕ್ಕದಲ್ಲಿ ಒಬ್ಬ ಇಡೀ ಅಮ್ಮ! ಅರ್ಚಿತಾ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದಳು. ರೈಲು ಅಹಮದಾಬಾದು ಮುಟ್ಟುವಷ್ಟರಲ್ಲಿ ಅವಳ ಧೈರ್ಯವೂ ಮರಳಿತ್ತು. "ನೋಡಿ, ಒಂಥರಾ ಕಳೆ ಇದೆ ಅಲ್ವಾ? ನಾನು ಹೇಳಿರಲಿಲ್ವಾ, ಮನೆಮದ್ದು ಅಂದ್ರೆ ಮನೆಮದ್ದೇ!" ಎಂದಳು. ಪ್ರಜ್ವಲ್ ಕಿಟಕಿಯಾಚೆ ನೋಡಿದ.

ಸೋಮವಾರ ಮಧ್ಯಾಹ್ನ ವಿಂಧ್ಯಾ ಟೀಚರ್ ಫೋನು ಬಂತು.

"ಫೋಟೋ ತುಂಬಾ ಚೆನ್ನಾಗಿದೆ. ಎಲ್ಲರಿಗಿಂತ ನಿಮ್ಮ ನಗುವೇ ಎದ್ದು ಕಾಣ್ತಿದೆ."

"ಥ್ಯಾಂಕ್ಸ್ ಟೀಚರ್!" ಅರ್ಚಿತಾ ಫೋನನ್ನು ಗಂಡನಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ಕತ್ತು ತಾನಾಗಿಯೇ ನೀಳವಾಯಿತು.

"ಇನ್ನೊಂದು ವಿಷಯ. ಈ ಶನಿವಾರ ತಾಯಂದಿರಿಗೆ ಒಲೆಯಿಲ್ಲದ ಅಡುಗೆ ಸ್ಪರ್ಧೆ ಇಟ್ಟಿದೀವಿ. ಎಲ್ಲರೂ ಭೇಲ್, ಸಲಾಡ್ ಅಂತ್ಲೇ ಹೆಸರು ಕೊಟ್ಟಿದ್ದಾರೆ. ಆಶ್ರಿತಾ ಹೇಳಿದ್ಲು, ನೀವು ಒಲೆ ಮೇಲಿಡದೆ, ತಟ್ಟೆಗೂ ಹೊಯ್ಯದೆ ಖಮಣ್ ಮಾಡ್ತೀರಂತೆ! ನಿಮ್ಮ ಹೆಸರು ಮೊದಲನೇದಾಗಿ ಬರ್ಕೊಂಡಿದೀನಿ. ನೀವು ಹಿಟ್ಟು ಮೊಸರು ತಂದ್ರೆ ಸಾಕು. ಟವೆಲ್ ನಾವೇ ಕೊಡ್ತೀವಿ!"