ಯಾವ ಹೊತ್ತಿನ ಬಿಸಿಲು?

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಯಾರಾದರೂ ಚಂದ್ರನನ್ನೇ ಮಾರಲು ಬಂದರೂ, "ಬಿಸಲಿಗೆ ತಗೊಂಡ ಬಾ, ಬಣ್ಣ ನೋಡ್ತೇನಿ" ಅನ್ನುವವರು. ಉತ್ಪ್ರೇಕ್ಷೆ ಎನ್ನುತ್ತೀರಾ? ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ ಮೂವತ್ತು ವರ್ಷ ಸೀರೆ ಮಾರಿದ ಹೆಂಗಸು. ಒಳಗಿನ ಬೆಳಕಿನ ಮೇಲೆ ಅವರಿಗೆ ಎಳ್ಳಷ್ಟೂ ಟ್ರಸ್ಟ್ ಇಲ್ಲ. ಸೆರಗನ್ನು ಕಟ್ಟೆಗೆ ತಂದು ಬಿಸಿಲಿಗೆ ಹಿಡಿದರೆ ಮಾತ್ರ ಕೆಂಪು ಎಂದರೆ ಕೆಂಪು. ಈ ನ್ಯಾಯವನ್ನು ಟೊಮೆಟೊಗೂ ಹಚ್ಚಿದರು, ನನ್ನ ಕನ್ನಡಕಕ್ಕೂ ಹಚ್ಚಿದರು, ಕೊನೆಗೆ ಕರೆಂಟಿನ ದೀಪಕ್ಕೂ!

ದೀಪ ಬೇಕಾಗಿದ್ದು ಅಣ್ಣನ ಅಕ್ವೇರಿಯಂಗೆ. ಅದರಲ್ಲಿ ಮೀನಿಗಿಂತ ಗಿಡಗಳೇ ಹೆಚ್ಚು. ನೀರೊಳಗೊಂದು ಪುಟ್ಟ ಗಾರ್ಡನ್. ಅಣ್ಣ ದಿನಾ ಎರಡು ತಾಸು ಅದರ ಮುಂದೆ ಕೂಡುತ್ತಿದ್ದ. ವೈನಿ ಅದನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದರು. ಈ ವರ್ಷ ಅಣ್ಣ ಹೋದ. ಹದಿನೈದು ದಿನಕ್ಕೆ ಲೈಟೂ ಹೋಯಿತು, ಗಿಡಗಳು ಹಳದಿಗೆ ತಿರುಗಿದವು. ಯಾರಿಗಾದರೂ ಕೊಟ್ಟುಬಿಡೋಣ ಎಂದೆ.

"ಸವತಿನ್ನ ಹೊರಗ ಹಾಕು ಅಂತೀಯೇನು? ಲೈಟ್ ತರೂಣು ನಡಿ. ಇಲ್ಲಂದ್ರ ಸಾಯ್ತಾವ."

ಮೊದಲು ಊರಿನ ಎಲೆಕ್ಟ್ರಿಕ್ ಅಂಗಡಿ. ಆತ ಬಲ್ಬು ಹೊತ್ತಿಸಿ ತೋರಿಸಿದ. "ಹೊರಗ ಬಿಸಲಿಗೆ ತರ್ರಿ" ಎಂದರು ವೈನಿ. ಪಾಪ, ಆತ ಉದ್ದನೆಯ ವೈರು ಎಳೆದು ನಡುಮಧ್ಯಾಹ್ನದ ರಸ್ತೆಯಲ್ಲಿ ಬಲ್ಬು ಹಿಡಿದು ನಿಂತ. ಅದು ಹೊತ್ತಿದೆಯೋ ಇಲ್ಲವೋ ಎಂದು ಅವನಿಗೇ ಅನುಮಾನ.

"ಇದಕ್ಕ ತಾಕತ್ತ ಇಲ್ಲ."

"ಅಮ್ಮಾರ, ಸೂರ್ಯನ ಮುಂದ ಯಾರಿಗೈತ್ರಿ ತಾಕತ್ತು?"

ಮರುದಿನ ಬಾಗಲಕೋಟೆಯ ಬಸ್ಸು. ವೈನಿಯ ತೊಡೆಯ ಮೇಲೊಂದು ಸ್ಟೀಲಿನ ಡಬ್ಬಿ, ಅದರ ನೀರಿನಲ್ಲಿ ಅಣ್ಣನ ಕೆಂಪು ಗಿಡದ ಒಂದು ತುಂಡು.

"ಡಬ್ಬ್ಯಾಗ ಏನೈತ್ರಿ? ತುಳಕಾಕತ್ತೈತಿ" ಎಂದ ಕಂಡಕ್ಟರ್.

"ಪೇಷಂಟು."

ಆತ ಎರಡು ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ನಡೆದ.

ಅಕ್ವೇರಿಯಂ ಅಂಗಡಿಯಲ್ಲಿ ನನ್ನ ಇಂಗ್ಲಿಷಿಗೆ ಕೆಲಸ ಬಂತು. ಪೆಟ್ಟಿಗೆಯ ಮೇಲಿನ 'ಡೇಲೈಟ್' ಎಂಬುದನ್ನು ಓದಿ, ಹಗಲಿನ ಬೆಳಕು ಎಂದು ಗತ್ತಿನಿಂದ ತಿಳಿಸಿದೆ.

"ಯಾವ ಹೊತ್ತಿನ ಬಿಸಲು?"

"ಅಂದ್ರ?"

"ಮುಂಜಾನಿದೋ, ಸಂಜಿದೋ? ಕೆಂಪು ಎರಡರಾಗೂ ಬ್ಯಾರೆ ಬ್ಯಾರೆ ಕಾಣ್ತೈತಿ. ನಿನ್ನ ಕಾನ್ವೆಂಟಿನಾಗ ಕಲಸಲಿಲ್ಲೇನು?"

ಕಲಿಸಿರಲಿಲ್ಲ. ಫೋರ್ಕನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಹೇಳಿದ ಸಿಸ್ಟರ್, ಬಿಸಿಲಿಗೆ ಹೊತ್ತುಂಟೆಂದು ಹೇಳಿರಲಿಲ್ಲ. ಹಾಗಾದರೆ ಎಪ್ಪತ್ತು ವರ್ಷ ನಾನು ಕಣ್ಣು ಬಿಟ್ಟುಕೊಂಡು ನೋಡಿದ್ದಾದರೂ ಏನನ್ನು? ಐ ವಂಡರ್.

ವೈನಿ ಬಾಗಿಲಿಗೆ ಹೋಗಿ ಡಬ್ಬಿ ತೆರೆದು ಎಲೆಯನ್ನು ಬಿಸಿಲಿನಲ್ಲಿ ನೋಡಿದರು. ಗಪ್ಪನೆ ಮುಚ್ಚಿದರು. ಆ ಬಣ್ಣ ಕಣ್ಣಿನಿಂದ ಚೆಲ್ಲಿಹೋದೀತೆಂಬಂತೆ ಮೆಲ್ಲಗೆ ಒಳಗೆ ಬಂದು ಮೊದಲ ಲೈಟಿನ ಕೆಳಗೆ ತೆರೆದರು.

"ಇದು ನೀಲಿ ಹಾಕಿ ಹಿಂಡಿದಂಗೈತಿ."

ಮತ್ತೆ ಬಾಗಿಲು, ಮತ್ತೆ ಒಳಗೆ. ಎರಡನೆಯದು ಗುಲಾಬಿ ಲೈಟು. ಎಲೆ ಮದುಮಗಳಂತೆ ಕೆಂಪಾಯಿತು. ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ ಅಂಗಡಿಯವ.

"ಇದು ಕನ್ಯಾ ತೋರಸೂ ಲೈಟ್. ಎಲ್ಲಾರನ್ನೂ ಚಂದ ತೋರಸ್ತೈತಿ. ಬ್ಯಾಡ."

ಎಷ್ಟು ಸಲ ಬಾಗಿಲಿಗೆ ಹೋಗಿ ಬಂದರೋ! ಗಿರಾಕಿಗಳು ತಮ್ಮ ವ್ಯಾಪಾರ ಬಿಟ್ಟು ಡಬ್ಬಿಯನ್ನೇ ನೋಡತೊಡಗಿದರು. ಆರನೆಯ ಲೈಟಿನ ಕೆಳಗೆ ವೈನಿ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಸುಳ್ಳ ಹೇಳೂದಿಲ್ಲ. ಕಟ್ಟಿ ಕೊಡಪಾ."

ಮೂರು ವಾರ ನಾವಿಬ್ಬರೂ ದಿನಕ್ಕೆ ಹತ್ತು ಸಲ ಗಾಜಿಗೆ ಮೂಗು ಹಚ್ಚಿದೆವು. ಹಳದಿ ಮುಂದುವರಿಯಲಿಲ್ಲ, ಹಸಿರೂ ಬರಲಿಲ್ಲ. ಒಂದು ಮುಂಜಾನೆ ವೈನಿ ಕರೆದರು. ಕೆಂಪು ಗಿಡದ ತುದಿಯಲ್ಲಿ ಜೋಳದ ಕಾಳಿನಷ್ಟು ಹೊಸ ಎಲೆ.

"ಗೆದ್ರಿ ವೈನಿ" ಎಂದೆ.

ಅವರು ಗಾಜಿನ ಮೇಲೆ ಬೆರಳಿಟ್ಟು ಕೆಳಗಿನಿಂದ ಒಂದೊಂದೇ ಎಲೆಯನ್ನು ಸವರುತ್ತ ಮೇಲೆ ಬಂದರು.

"ಇವೆಲ್ಲಾ ನಿಮ್ಮಣ್ಣ ನೋಡಿದ್ವು" ಎಂದರು. ಬೆರಳು ತುದಿಯಲ್ಲಿ ನಿಂತಿತು. "ಇದೊಂದು ನೋಡಿಲ್ಲ. ಇದನ್ನ ಅವರ ಬದ್ಲಿ ನಾನ ಛಲೋತ್ನ್ಯಾಗ ನೋಡಿ ಕಣ್ಣಾಗ ಇಟ್ಕೋಬೇಕು."