ಹೊಲಿಗೆ ಅನ್ನಬೇಡಿ, ಸೂಚರ್ ಅನ್ನಿ

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ರಕ್ತ ಸುರಿಸಿಕೊಂಡು, ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ತಾನಾಗಿಯೇ ಬಾಗಿಲಿಗೆ ಬರುತ್ತದೆ.

"ಇದು ನಿನ್ನ ಕೈಲಾಗೋ ಕೆಲಸ ಅಲ್ಲ" ಎಂದು ಮೊದಲು ಹೇಳಿದವನು ಊರ ಗೌಡನಾಗಿದ್ದ ನಮ್ಮಣ್ಣ. ಗಂಡ ಸತ್ತ ಮೇಲೆ ನಾನು ಹೊಳಲೂರಿನ ತವರಿಗೆ ಬಂದು ಕೂತಿದ್ದೆ. ಶಿವಮೊಗ್ಗದ ಒಂದು ಆಸ್ಪತ್ರೆಗೆ ಆಯಾ ಬೇಕಂತೆ ಎಂದು ನಮ್ಮೂರಿನ ಗಾಡಿಯವನು ಸುದ್ದಿ ತಂದ. ಹೋಗುತ್ತೇನೆ ಎಂದೆ. ಅಣ್ಣ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ನಕ್ಕ.

"ಕೋಳಿ ಕುಯ್ಯೋವಾಗ ಕಣ್ಣು ಮುಚ್ಕೊಳ್ಳೋಳು ನೀನು. ಹುಣ್ಣು, ಕೀವು, ರಕ್ತ ಎಲ್ಲ ಒರೆಸ್ತೀಯಾ? ಬರೋ ಅಮಾವಾಸ್ಯೆ ಒಳಗೆ ಅಳ್ತಾ ವಾಪಸ್ ಬರ್ತೀಯ."

"ಬರಲ್ಲ."

"ಬಂದ್ರೆ ಹಿತ್ತಲ ಬಾಗಿಲಿಂದ ಬಾ. ಆಸ್ಪತ್ರೆ ಮೈಲಿಗೆ ಹೊತ್ಕೊಂಡು ಮುಂದಿನ ಬಾಗಿಲು ದಾಟೋದು ಬೇಡ."

"ಬಂದ್ರೆ ಮುಂದಿನ ಬಾಗಿಲಿಂದಲೇ ಬರ್ತೀನಿ. ಇಲ್ಲಾಂದ್ರೆ ಬರೋದೇ ಇಲ್ಲ."

ಅಮ್ಮ ಕದದ ಮರೆಯಲ್ಲಿ ನಿಂತಿದ್ದಳು. ಮಗನಿಗೆ ಎದುರು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ ತಂದು ಗಾಡಿಯ ಹುಲ್ಲಿನೊಳಗೆ ಹುದುಗಿಸಿಟ್ಟು ಒಳಗೆ ಹೋದಳು. ಆಮೇಲೆ ಪ್ರತಿ ಬೇಸಿಗೆಯಲ್ಲೂ ಅಣ್ಣನ ಕಣ್ಣು ತಪ್ಪಿಸಿ, ಅದೇ ಗಾಡಿಯವನ ಕೈಯಲ್ಲಿ, ಹಿತ್ತಲ ಬಾಗಿಲಿಂದ ನನಗೊಂದು ಭರಣಿ ಹೊರಡುತ್ತಿತ್ತು. ಅವಳ ಮುಖ ನೋಡಬೇಕೆನಿಸಿದಾಗಲೆಲ್ಲ ಆ ಹಿತ್ತಲ ಬಾಗಿಲು ನೆನಪಾಗಿ ಸುಮ್ಮನಾಗುತ್ತಿದ್ದೆ. ನಮ್ಮ ಮನೆತನದ ಗದ್ದೆ, ತೋಟವೆಲ್ಲ ಅಣ್ಣನ ಪಾಲಿಗೆ ಹೋಯಿತು. ಹಠದಲ್ಲಿ ಮಾತ್ರ ನನಗೂ ಪಾಲು ಬಂತು.

ಪದ ಕಲಿತದ್ದು

ಓದು ನನಗೆ ಯಾರೂ ಕಲಿಸಿದ್ದಲ್ಲ. ಆಸ್ಪತ್ರೆಯಲ್ಲಿ ಹತ್ತಿ ಸುತ್ತಿಕೊಂಡು ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಬಿಡಿಸಿ, ಅಕ್ಷರ ಕೂಡಿಸಿ ಕೂಡಿಸಿ ಕಲಿತೆ. ಇಂಗ್ಲಿಷ್ ಅಕ್ಷರಗಳು ಔಷಧದ ಸೀಸೆಗಳಿಂದ ಬಂದವು. ಹಾಗಾಗಿ ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಬಿಡುತ್ತಿರಲಿಲ್ಲ. ಡಾಕ್ಟರು ಗಾಯ ನೋಡಿದಾಗಲೆಲ್ಲ "ಸೂಚರ್ ಮಾಡಬೇಕು" ಅನ್ನುತ್ತಿದ್ದರು. ಹಾಗಂದರೇನು ಎಂದು ಕೇಳಿದೆ.

"ಹೊಲಿಗೆ, ಅಷ್ಟೇ. ಸೀಳಿದ ಗಾಯವನ್ನು ಸೂಜಿ ನೂಲಿನಿಂದ ಕೂಡಿಸಿ ಗಂಟು ಹಾಕೋದು. ಆ ನೂಲಿಗೂ ಸೂಚರ್ ಅಂತಲೇ ಹೆಸರು."

"ಹಾಗಾದ್ರೆ ಹೊಲಿಗೆ ಅಂತಲೇ ಹೇಳಬಹುದಲ್ಲ, ಸಾರ್?"

"ಒಂದು ಸಲ ನೀನೇ ಹೇಳಿ ನೋಡು."

ಕೊಡಲಿ ತಾಗಿ ಪಾದ ಸೀಳಿಕೊಂಡು ಬಂದ ಒಬ್ಬನಿಗೆ ಹೇಳಿ ನೋಡಿದೆ. ಒಂಟಿ ಕಾಲಿನಲ್ಲಿ ಅಷ್ಟು ಜೋರಾಗಿ ಓಡಿದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಅವತ್ತಿನಿಂದ ನಾನೂ ಸೂಚರ್ ಅನ್ನತೊಡಗಿದೆ. ಸೂಜಿಯನ್ನು ಮುಚ್ಚಿಡಲು ಅದಕ್ಕಿಂತ ಒಳ್ಳೆಯ ಬಟ್ಟೆ ಇರಲಿಲ್ಲ.

ಆದರೆ ನೋವು ತಿಂದವರು ಹೊರಗೆ ಹೋಗಿ ಸುಮ್ಮನಿರುತ್ತಾರೆಯೇ? ಬರಬರುತ್ತ ಆ ಪದದ ಕೀರ್ತಿ ಸಂತೆಯಲ್ಲೆಲ್ಲ ಹರಡಿತು. ಒಂದು ದಿನ ಮೂಟೆ ಹೊರುವವನೊಬ್ಬ ಹರಿದ ಅಂಗೈ ಹಿಡಿದುಕೊಂಡು ಬಂದು ಡಾಕ್ಟರ ಕಾಲಿಗೇ ಬಿದ್ದ.

"ಸ್ವಾಮಿ, ಏನು ಬೇಕಾದ್ರೂ ಮಾಡಿ, ಆ ಸೂಚರ್ ಮಾತ್ರ ಬೇಡ. ಬೇಕಾದ್ರೆ ಒಂದು ಸೂಜಿ ತಗೊಂಡು ಹೊಲಿದುಬಿಡಿ, ಹೆಂಗೋ ತಡ್ಕೋತೀನಿ!"

ಮಡಿ ನೂಲು

ಡಾಕ್ಟರಿಗೆ ಕಣ್ಣು ಮಂಜಾಗತೊಡಗಿತ್ತು. ಸೂಜಿಗೆ ನೂಲು ಪೋಣಿಸುವುದು ಮೊದಲು ನನ್ನ ಪಾಲಿಗೆ ಬಂತು, ಆಮೇಲೆ ಹೊಲಿಯುವುದೂ ಬಂತು. ಮೊದಲ ದಿನ ಹಿಂದಕ್ಕೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು ಬಂದು ಕೆಲಸ ಮುಗಿಸಿದೆ. ಅಣ್ಣನಿಗೆ ಇದು ಗೊತ್ತಾಗಲಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಹೊಲಿಗೆ ನನ್ನದಾದರೂ ಹೆಸರು ಮಾತ್ರ ಆಯಾ ಎಂದೇ ಉಳಿಯಿತು.

ತುಂಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಹಣೆ ಒಡೆದುಕೊಂಡ ವೃದ್ಧರೊಬ್ಬರನ್ನು ಕರೆತಂದರು. ಬಹಳ ಆಚಾರವಂತರು. ಒಳಗಿನ ಹೊಲಿಗೆಗೆ ಬಳಸುವ ನೂಲನ್ನು ಕುರಿಯ ಕರುಳಿನಿಂದ ಮಾಡುತ್ತಾರೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು.

"ಕುರಿ ಕರುಳು ನನ್ನ ಹಣೆಯೊಳಗೋ? ನಾನು ಹೀಗೇ ಸಾಯ್ತೀನಿ."

"ನಿಮಗೆ ರೇಷ್ಮೆ ಹಾಕ್ತೀವಿ, ಸ್ವಾಮಿ" ಎಂದರು ಡಾಕ್ಟರು.

ರೇಷ್ಮೆ ಎಂದ ಕೂಡಲೇ ವೃದ್ಧರ ಮುಖ ಅರಳಿತು. "ಹಾಗನ್ನಿ ಮತ್ತೆ! ರೇಷ್ಮೆ ಮಡಿ. ಪೂಜೆಗೇ ಆಗುತ್ತೆ, ಹಣೆಗೆ ಆಗಲ್ವೆ?" ಅಷ್ಟರಲ್ಲಿ ಅವರ ಕಣ್ಣು ನನ್ನ ಬೋಳು ಹಣೆಯ ಮೇಲೆ ಬಿತ್ತು. "ಇವಳು ಯಾರು?"

"ಹೊಲಿಯೋದು ಇವಳೇ. ಕೈ ತೊಳೆದಿದಾಳೆ, ಸೂಜಿ ಕುದಿಸಿದಾಳೆ."

ವೃದ್ಧರು ರಕ್ತ ಒರೆಸಿಕೊಳ್ಳುತ್ತ ಧರ್ಮಸೂಕ್ಷ್ಮವನ್ನು ಆಲೋಚಿಸಿದರು. ಕೊನೆಗೆ ತೀರ್ಪು ಕೊಟ್ಟರು. "ಸೂಜಿ ಚುಚ್ಚಲಿ, ನೂಲು ಎಳೀಲಿ. ಗಂಟು ಮಾತ್ರ ನೀವು ಹಾಕಿ. ವಿಧವೆ ಕೈಯಲ್ಲಿ ಗಂಟು ಹಾಕಿಸ್ಕೋಬಾರದು."

ಹಾಗೆಯೇ ಆಯಿತು. ನಾನು ಹೊಲಿದೆ, ಡಾಕ್ಟರು ಕಣ್ಣು ಕಿರಿದು ಮಾಡಿಕೊಂಡು ತಡಕಾಡಿ ಗಂಟು ಹಾಕಿದರು. ವಾರದ ನಂತರ ಹೊಲಿಗೆ ಬಿಚ್ಚಬೇಕಾಯಿತು. ಗಂಟಿನ ವಿಚಾರವಲ್ಲವೇ ಎಂದು ನಾನು ದೂರ ನಿಂತೆ. ವೃದ್ಧರು ನನ್ನನ್ನೇ ಕರೆದರು.

"ನೀನೇ ಬಾಮ್ಮ. ಕಟ್ಟೋದು ತಾನೇ ದೋಷ? ತಾಳಿ ಬಿಚ್ಚಿದೋಳು ನೀನು, ಬಿಚ್ಚೋದು ನಿನಗೆ ಆಗಿರೋದೇ ಅಲ್ವಾ!"

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕೊನೆಯ ಹೊಲಿಗೆಯನ್ನು ನಾನು ಸ್ವಲ್ಪ ನಿಧಾನವಾಗಿ ಎಳೆದೆ.

ಎದುರಂಗಡಿಯ ದರ್ಜಿ

ಡಾಕ್ಟರು ಆ ಆಸ್ಪತ್ರೆ ಬಿಟ್ಟು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸ್ವಂತ ದವಾಖಾನೆ ಇಟ್ಟಾಗ ನನ್ನನ್ನೂ ಕರೆದುಕೊಂಡು ಹೋದರು. ಕಬ್ಬಿಣದ ಕೆಲಸದ ಊರು, ಹೊಲಿಗೆಗೆ ಬರವಿರಲಿಲ್ಲ. ಎದುರಿಗೆ ಒಬ್ಬ ಸಾಬಿಯ ಟೈಲರ್ ಅಂಗಡಿಯಿತ್ತು. ನಾನು ಹೊಲಿಯುವುದು ಅವನಿಗೆ ಕಿಟಕಿಯಿಂದ ಕಾಣುತ್ತಿತ್ತು. ಅದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ.

"ಅಕ್ಕಾ, ಅಷ್ಟು ದೂರ ದೂರ ಹಾಕ್ತಾರಾ? ಅದು ಕಚ್ಚಾ ಹೊಲಿಗೆ. ಎರಡು ದಿನಕ್ಕೆ ಬಿಟ್ಕೊಳ್ಳುತ್ತೆ. ಬಖಿಯಾ ಹಾಕಿ, ಬಖಿಯಾ. ಹಿಂದಕ್ಕೆ ತಗೊಂಡು ಮುಂದಕ್ಕೆ."

"ಮಾರಾಯ, ಇದು ಕೋಟಲ್ಲ, ಕೈ."

"ಕೈ ಆದ್ರೇನು ಅಕ್ಕಾ, ಫಿನಿಶಿಂಗ್ ಬೇಡ್ವಾ?"

ರೋಗಿ ಕೂಗಿಕೊಳ್ಳುತ್ತಿದ್ದ ಹಾಗೆಯೇ ನಮ್ಮ ವಾದ ನಡೆಯುತ್ತಿತ್ತು. ಹೀಗೇ ಬಹಳ ದಿನ ಕಳೆಯಿತು. ಒಂದು ಹಬ್ಬದ ಮುಂಚಿನ ಗಡಿಬಿಡಿಯಲ್ಲಿ ಅವನ ದೊಡ್ಡ ಕತ್ತರಿ ಜಾರಿ ಹೆಬ್ಬೆರಳಿನ ಬುಡ ಸೀಳಿತು. ಬೆಳ್ಳಗೆ ಬಿಳಿಚಿಕೊಂಡು ರಸ್ತೆ ದಾಟಿ ಬಂದು ಬೆಂಚಿನ ಮೇಲೆ ಕೂತ. ನಾನು ಸೂಜಿ ಎತ್ತಿ ವಿನಯದಿಂದ ಕೇಳಿದೆ.

"ಹೇಳಿ ಮಾಸ್ತರೇ, ಕಚ್ಚಾ ಸಾಕಾ, ಬಖಿಯಾ ಹಾಕ್ಲಾ?"

ಅವನು ಕಣ್ಣು ಮುಚ್ಚಿ ಮುಖ ತಿರುಗಿಸಿದ. "ಒಂದು ಪಿನ್ನು ಚುಚ್ಚಿ ಬಿಟ್ಬಿಡಿ ಅಕ್ಕಾ, ಟ್ರಯಲ್ ನೋಡೋಣ."

ಗಾಯದೊಳಗಿನ ಕಾಫಿ

ಯುದ್ಧದ ಕಾಲ. ಕಾಫಿಪುಡಿ ಕಣ್ಣಿಗೆ ಕಾಣಿಸುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಮೊಣಕಾಲು ಕುಯ್ದುಕೊಂಡ ಗಂಡನನ್ನು ಕರೆತಂದಳು. ಬಟ್ಟೆ ಬಿಚ್ಚಿದರೆ ಗಾಯದ ತುಂಬ ಘಮಘಮಿಸುವ ಕಾಫಿಪುಡಿ. ರಕ್ತ ನಿಲ್ಲಲಿ ಎಂದು ಅವನ ತಾಯಿ ಒತ್ತಿದ್ದಂತೆ. ಅದನ್ನು ತೊಳೆಯದೆ ಹೊಲಿಯುವ ಹಾಗಿಲ್ಲ. ನಾನು ನೀರು ಸುರಿದ ಹಾಗೆ ಕಂದು ಬಣ್ಣದ ನೀರು ತಟ್ಟೆಗೆ ಇಳಿಯತೊಡಗಿತು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

"ಹೆದರಬೇಡಮ್ಮ, ಗಂಡನಿಗೆ ಏನೂ ಆಗಲ್ಲ" ಎಂದೆ.

"ಅದಕ್ಕಲ್ಲ ಅಕ್ಕಾ. ಮದುವೆಯಾಗಿ ಬಂದಾಗಿಂದ ಪುಡಿ ಮುಗಿದಿದೆ ಅಂತ ನಮ್ಮತ್ತೆ ನಂಗೆ ಒಂದು ಲೋಟ ಕಾಫಿ ಕೊಟ್ಟಿಲ್ಲ!"

ಅಣ್ಣನ ಸೂಚರ್

ಅಷ್ಟು ಹೊತ್ತಿಗೆ ಓಲ್ಡ್ ಟೌನಿನಲ್ಲಿ, ದವಾಖಾನೆಯ ಪಕ್ಕದಲ್ಲೇ, ನನ್ನದೊಂದು ಪುಟ್ಟ ಮನೆ ಆಗಿತ್ತು. ಡಾಕ್ಟರು ಊರಿಗೆ ಹೋಗಿದ್ದ ಒಂದು ದಿನ, ನಮ್ಮೂರಿನ ಆ ಗಾಡಿಯವನೇ ಬಂದು ಗಾಡಿಯನ್ನು ನನ್ನ ಬಾಗಿಲ ಮುಂದೆ ನಿಲ್ಲಿಸಿದ. ಉಪ್ಪಿನಕಾಯಿ ಬಂತು ಎಂದುಕೊಂಡು ಹೊರಗೆ ಹೋದೆ. ಹುಲ್ಲಿನ ಮೇಲೆ ನಮ್ಮಣ್ಣ ಬೋರಲಾಗಿ ಮಲಗಿದ್ದ.

ಗಾಡಿಯವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ಅಮ್ಮ ಕದ್ದು ಉಪ್ಪಿನಕಾಯಿ ಕಳಿಸುತ್ತಾಳೆಂದು ಅಣ್ಣನಿಗೆ ಹೇಗೋ ವಾಸನೆ ಬಡಿದಿತ್ತಂತೆ. ಕೈಯಲ್ಲೇ ಹಿಡಿಯಬೇಕೆಂದು ಮುಸ್ಸಂಜೆಯಲ್ಲಿ ಹಿತ್ತಲ ಬಾಗಿಲಿಂದ ಕಳ್ಳ ಹೆಜ್ಜೆಯಿಟ್ಟು ಅಡುಗೆಮನೆಗೆ ನುಗ್ಗಿದ್ದಾನೆ. ಉಪ್ಪುನೀರು ಚೆಲ್ಲಿದ್ದ ನೆಲದಲ್ಲಿ ಕಾಲು ಜಾರಿ, ನೆಟ್ಟಗೆ ನಿಂತಿದ್ದ ಈಳಿಗೆಮಣೆಯ ಮೇಲೆ ಕುಳಿತುಬಿಟ್ಟಿದ್ದಾನೆ. ಗಾಯ ತೊಡೆಯ ಹಿಂಭಾಗದಲ್ಲಿತ್ತು. ಅವನ ಗೌರವಕ್ಕಾಗಿ ತೊಡೆ ಎಂದು ಬರೆಯುತ್ತಿದ್ದೇನೆ.

"ಶಿವಮೊಗ್ಗ ಹತ್ತಿರ ಇತ್ತಲ್ಲೋ?" ಎಂದೆ.

"ಅಲ್ಲಿ ಆಸ್ಪತ್ರೇಲಿ ಅವರ ಬೀಗರ ಕಡೆಯೋರು ಇದಾರೆ. ಆ ಗಾಯ ಬೀಗರ ಮುಂದೆ ಬಿಚ್ಚೋ ಅಂಥದ್ದಲ್ಲ ಅಕ್ಕಾ."

ಅಣ್ಣ ಹುಲ್ಲಿನಿಂದ ತಲೆ ಎತ್ತಿದ. "ಡಾಕ್ಟರನ್ನ ಕರಿ."

"ಊರಲ್ಲಿಲ್ಲ. ನಾನಿದೀನಿ."

ನೋವು ಗೆದ್ದಿತು. ಗಾಡಿಯವನ ಹೆಗಲು ಹಿಡಿದು ಇಳಿದು, ಕುಂಟುತ್ತ ನನ್ನ ಹೊಸ್ತಿಲವರೆಗೆ ಬಂದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹಿತ್ತಲ ಬಾಗಿಲು ತೆಗೆದಿದೆ ಅಣ್ಣಾ. ಸುತ್ತಿ ಬಾ."

ಅವನು ನನ್ನ ಮುಖ ನೋಡಿದ. ನಾನೂ ನೋಡಿದೆ. ಮೊದಲೇ ಹೇಳಿದೆನಲ್ಲ, ಹಠದಲ್ಲಿ ಇಬ್ಬರಿಗೂ ಸಮಪಾಲು. ಆದರೆ ಅವತ್ತು ರಕ್ತ ಸೋರುತ್ತಿದ್ದದ್ದು ಅವನಿಗೆ. ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಓಣಿ ಸುತ್ತಿ ಬಂದ. ಎದುರಂಗಡಿಯ ದರ್ಜಿ ಮಷಿನ್ ನಿಲ್ಲಿಸಿ ಎದ್ದು ನಿಂತು ನೋಡಿದ.

ಚಾಪೆಯ ಮೇಲೆ ಬೋರಲು ಮಲಗಿಸಿ ಗಾಯ ತೊಳೆದೆ. ಗಾಡಿಯವನು ಕಾಲು ಅದುಮಿ ಹಿಡಿದ.

"ಏನ್ ಮಾಡ್ತೀಯ ಈಗ?"

"ಸೂಚರ್."

"ಹಂಗಂದ್ರೆ?"

"ಹೊಲಿಗೆ."

"ಬೇಡ ಮಾರಾಯ್ತಿ, ಬೇಡ! ಯಾವ ಸೂಜಿ ಅದು? ಇಷ್ಟು ಸೊಟ್ಟ ಇದೆ!"

"ಕೋಳಿ ಕುಯ್ಯೋವಾಗ ಕಣ್ಣು ಮುಚ್ಕೊಳ್ಳೋಳು ನಾನು. ನೀನೂ ಮುಚ್ಕೋ ಅಣ್ಣಾ."

ಹೊಲಿಗೆ ಬಿಚ್ಚುವವರೆಗೂ ಮನೆಯ ಹಿಂಬದಿಯ ಪಡಸಾಲೆಯಲ್ಲೇ ಬೋರಲಾಗಿ ಮಲಗಿದ್ದ. ಊಟಕ್ಕೆ ಅಮ್ಮನ ಉಪ್ಪಿನಕಾಯಿಯನ್ನೇ ಬಡಿಸಿದೆ. ಯಾರ ಕೈಯದು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ದಿನಾ ಎರಡನೇ ಸಲ ಹಾಕಿಸಿಕೊಂಡು ತಿಂದ.

ಹೊರಡುವ ದಿನ ನಾನೇ ಬಾಯಿಬಿಟ್ಟು ಕೇಳಿದೆ. "ಅಮ್ಮನ್ನ ನೋಡೋಕೆ ಬರ್ತೀನಿ. ಯಾವ ಬಾಗಿಲಿಂದ ಬರಲಿ?"

ಅವನು ಎತ್ತುಗಳ ಕಡೆ ನೋಡುತ್ತ "ನೋಡೋಣ" ಎಂದ.

ಊರಿಗೆ ಹೋದವನು ಮೊದಲು ಮಾಡಿದ ಕೆಲಸವೆಂದರೆ ಬಡಗಿಯನ್ನು ಕರೆಸಿ ಹಿತ್ತಲ ಬಾಗಿಲಿಗೆ ಅಡ್ಡ ಹಲಗೆ ಹೊಡೆಸಿದ್ದು. ಗಾಡಿಯವನೂ ಆ ಮನೆ ಕಡೆ ಸುಳಿಯದ ಹಾಗಾಯಿತು. ಮುಂದಿನ ಬೇಸಿಗೆಗೆ ಉಪ್ಪಿನಕಾಯಿ ಬರಲಿಲ್ಲ. ಅದರ ಮುಂದಿನ ಬೇಸಿಗೆಗೂ ಬರಲಿಲ್ಲ.

ಆಮೇಲೊಂದು ದಿನ ಹೊಳಲೂರಿನ ಮುದುಕನೊಬ್ಬ ದವಾಖಾನೆ ಹುಡುಕಿಕೊಂಡು ಬಂದ. ನನಗೆ ಅವನ ಗುರುತು ಸಿಕ್ಕಿತು, ಅವನಿಗೆ ನನ್ನದು ಸಿಗಲಿಲ್ಲ. ಎರಡು ಮೊಣಕಾಲೂ ಹಿಡಿದುಕೊಂಡಿವೆ ಎಂದ.

"ನಮ್ಮೂರ ಗೌಡರಿಗೂ ಹಿಂಗೇ ಕೂರೋಕೆ ಆಗ್ತಿರಲಿಲ್ಲ ತಾಯಿ. ಮೊನ್ನೆ ಅವರ ತಾಯಿ ತಿಥಿ ಊಟಕ್ಕೆ ಹೋಗಿದ್ದೆ. ಗೌಡರು ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಹೋಳಿಗೆ ಹೊಡೀತಾ ಇದಾರೆ! ಹೆಂಗೆ ವಾಸಿಯಾಯ್ತು ಅಂದೆ. ಭದ್ರಾವತೀಲಿ ಒಬ್ಬ ಬಿಳೀ ದೊರೆ ಡಾಕ್ಟರು ಸೂಚರ್ ಕೊಟ್ರು ಅಂದ್ರು."

ನಾನು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟೆ.

ಮುದುಕ ಕೈ ಮುಗಿದ. "ನಂಗೂ ಅದೇ ಒಂದು ಸೂಚರ್ ಕೊಟ್ಟುಬಿಡಿ ತಾಯಿ. ಅದು ಹಚ್ಚೋದೋ, ಕುಡಿಯೋದೋ?"

"ನುಂಗೋದು" ಎಂದೆ. ಮೊಣಕಾಲಿಗೆ ಎಣ್ಣೆ ಕೊಟ್ಟು ಕಳಿಸಿದೆ.

ಸೀಸೆಗಳಿಂದ ಅಕ್ಷರ ಕಲಿತವಳ ಹತ್ತಿರ ಈಗ ಒಂದು ಕಪಾಟು ತುಂಬ ಪುಸ್ತಕಗಳಿವೆ. ಡಾಕ್ಟರು ತೀರಿಕೊಳ್ಳುವ ಮುಂಚೆ ಕೈಗಿತ್ತು ಹೋದ ಸೂಜಿಯ ಡಬ್ಬಿ ಇದೆ. ಓಲ್ಡ್ ಟೌನಿನಲ್ಲಿ ನನ್ನ ಹೆಸರಿನಲ್ಲಿ, ಮುಂದೊಂದು ಹಿಂದೊಂದು, ಎರಡು ಬಾಗಿಲಿನ ಮನೆ ಇದೆ. ಅದಕ್ಕೆ ಕೊಟ್ಟ ಬೆಲೆ ಹೊಳಲೂರಿನ ಮನೆಯ ಎರಡು ಬಾಗಿಲು.