ದೊಡ್ಡವ್ವನ ಸರಕಾರಿ ನೌಕರಿ

ನಮ್ಮ ದೊಡ್ಡವ್ವ ಸರಕಾರಿ ನೌಕರಿಯಲ್ಲಿದ್ದಳು. ಈ ಮಾತನ್ನು ಸರಕಾರವೊಂದನ್ನು ಬಿಟ್ಟು ಕಮಲಾಪುರದ ಎಲ್ಲರೂ ಒಪ್ಪಿಕೊಂಡಿದ್ದರು. ಅರ್ಜಿ ಹಾಕಿ, ವಶೀಲಿ ಹಚ್ಚಿ, ಕೊನೆಗೂ ನೌಕರಿ ಸಿಗದೆ ಕಲಬುರಗಿಯ ಸೇಡಂ ರಸ್ತೆಯ ಅಂಗಡಿಯೊಂದರಲ್ಲಿ ಬಟ್ಟೆ ಅಳೆಯುತ್ತಿದ್ದ ನನ್ನ ಗಂಡನಿಗೆ ಮಾತ್ರ ಆಕೆಯ ಮೇಲೆ ತುಸು ಹೊಟ್ಟೆಕಿಚ್ಚಿತ್ತು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಒಂದು ಖೋಲಿಯ ಮನೆ, ಮನೆ ಮುಂದೆ ಒಂದು ಬೇವಿನ ಗಿಡ, ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ. ಇಷ್ಟೇ ಆಕೆಯ ಸಂಸಾರ. ಎಂಬತ್ತರ ದಶಕದ ಕೊನೆಯಲ್ಲಿ ಯಾರೋ ಪುಣ್ಯಾತ್ಮರು ಆಕೆಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿ ವಿಧವಾ ಪಿಂಚಣಿ ಮಂಜೂರು ಮಾಡಿಸಿಕೊಟ್ಟರು. ತಿಂಗಳಿಗೊಮ್ಮೆ ಪೋಸ್ಟ್‌ಮ್ಯಾನ್ ಸೈಕಲ್ ಮೇಲೆ ಬಂದು ಮನಿ ಆರ್ಡರ್ ಹಣ ಕೈಗಿಟ್ಟು ಹೋಗತೊಡಗಿದ. ದೊಡ್ಡ ಮೊತ್ತವೇನಲ್ಲ. ಅನುಕೂಲಸ್ಥರು ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಕರಗಿ ಹೋಗುವಂಥದ್ದು. ಆದರೆ ತಿಂಗಳು ತಿಂಗಳು ಬರುವುದಕ್ಕೆ ಪಗಾರ ಅನ್ನದೆ ಮತ್ತೇನನ್ನುತ್ತಾರೆ? ಪಗಾರ ಬರುತ್ತದೆಂದ ಮೇಲೆ ಕೆಲಸವೂ ಇರಲೇಬೇಕಲ್ಲ!

ಯಾವ ಕೆಲಸವೆಂದು ಸರಕಾರ ಹೇಳಲಿಲ್ಲ. ಅದರ ಮರೆವನ್ನು ಕ್ಷಮಿಸಿ ದೊಡ್ಡವ್ವ ತಾನೇ ಒಂದು ಕೆಲಸ ಹುಡುಕಿಕೊಂಡಳು. ದಿನಾ ಬೆಳಿಗ್ಗೆ ಕಸಬರಿಗೆ ಹಿಡಿದು ಹೋಗಿ ಪೋಸ್ಟ್ ಆಫೀಸಿನ ಮುಂದಿನ ಅಂಗಳ ಗುಡಿಸಿ, ನೀರು ಹೊಡೆದು, ಆಮೇಲೆ ಕೂಲಿಯ ಕಡೆ ಮುಖ ಮಾಡುವಳು. ಭಾನುವಾರ ಮಾತ್ರ ಕಸಬರಿಗೆ ಮುಟ್ಟುತ್ತಿರಲಿಲ್ಲ.

"ಯಾಕ ದೊಡ್ಡವ್ವ, ಇವತ್ತ ಹೋಗಿಲ್ಲ?" ಅಂದರೆ, "ಐತವಾರ ಆಫೀಸ್ ಬಂದ್ ಇರ್ತದ. ಶ್ಯಾಣ್ಯಾಕಿ, ಸಾಲಿ ಕಲ್ತೀದಿ, ಇಷ್ಟೂ ತಿಳಿಯಂಗಿಲ್ಲೇನು?" ಎಂದು ನನಗೇ ಗದರುವಳು.

ಒಂದು ಸಲ ಸರಕಾರಿ ನೌಕರರು ಮುಷ್ಕರ ಹೂಡಿದರು. ಆಗ ಪೋಸ್ಟ್ ಆಫೀಸಿನ ಅಂಗಳದಲ್ಲಿ ಎಲೆ, ಕಾಗದದ ಚೂರು, ಆಡಿನ ಹಿಕ್ಕೆ ಎಲ್ಲ ಹಾಗೇ ಬಿದ್ದಿದ್ದವು. ಆ ಮುಷ್ಕರಕ್ಕೂ ಅಂಚೆ ಕಚೇರಿಗೂ ಸಂಬಂಧವಿರಲಿಲ್ಲ, ಒಳಗಿನವರೆಲ್ಲ ಕೆಲಸಕ್ಕೆ ಬಂದಿದ್ದರು. ದೊಡ್ಡವ್ವ ಮಾತ್ರ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು.

"ಎಲ್ಲಾರೂ ಸ್ಟ್ರೈಕ್ ಮಾಡಾಕತ್ತಾರ. ನಾ ಒಬ್ಬಾಕಿ ಕಸ ಹೊಡದ್ರ ಅವರಿಗಿ ಮೋಸ ಮಾಡ್ದಂಗ ಆಗಂಗಿಲ್ಲೇನು?"

"ಅಲ್ಲ ದೊಡ್ಡವ್ವ, ಸ್ಟ್ರೈಕ್ ಯಾತಕ್ಕ ನಡದದ, ಗೊತ್ತೇನು?"

"ಅದೆಲ್ಲ ಮ್ಯಾಗಿನವರಿಗಿ ಗೊತ್ತಿರ್ತದ" ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ನೌಕರಿ ಸಿಕ್ಕವರು ಬದಲಾಗುತ್ತಾರೆ ಅನ್ನುತ್ತಾರಲ್ಲ, ದೊಡ್ಡವ್ವನೂ ಬದಲಾದಳು. ಮೊದಲು ಮಾಡಿದ ಕೆಲಸವೆಂದರೆ ಬಾಗಿಲಿಗೊಂದು ಕೀಲಿ ಕೊಂಡದ್ದು. ಒಳಗೆ ಕದಿಯುವಂಥದ್ದು ಏನಿತ್ತು? ಒಂದು ರೊಟ್ಟಿ ಹಂಚು, ಎರಡು ಕೊಡ, ಒಂದು ಕೌದಿ. ಕಳ್ಳ ಬಂದಿದ್ದರೆ ಮರುಗಿ ತಾನೇ ಏನಾದರೂ ಇಟ್ಟು ಹೋಗುತ್ತಿದ್ದ. ಆದರೂ ಕೀಲಿಕೈ ಸೆರಗಿನ ತುದಿಯಲ್ಲಿ ಸದಾ ತೂಗಾಡಬೇಕು. ಮೊದಲೆಲ್ಲ ಎಲ್ಲ ಗಿರಾಕಿಗಳೂ ಹೋಗುವ ತನಕ ಆಕೆಯನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದ ಕಿರಾಣಿ ಅಂಗಡಿಯವನು ಈಗ "ಬರ್ರಿ ಅವ್ವಾರ, ಏನ್ ಕೊಡ್ಲಿ?" ಅನ್ನುತ್ತಿದ್ದ. ಆ ಒಂದು ಮಾತು ಕೇಳುವುದಕ್ಕೆಂದೇ ಬೇಡದಿದ್ದರೂ ಹೋಗಿ ಬೆಂಕಿಪೊಟ್ಟಣ ಕೊಂಡು ಬರುವಳು. ಮೈಯಲ್ಲಿ ಹುಷಾರಿಲ್ಲದ ದಿನ ಕೂಲಿಗೆ ಬರುವುದಿಲ್ಲವೆಂದು ತೋಟದವರಿಗೆ ಹೇಳಿ ಕಳಿಸುವುದನ್ನೂ ಕಲಿತಳು. ಅಷ್ಟು ವಯಸ್ಸಾಗಿತ್ತು, ಜ್ವರ ಬಂದಾಗ ಮಲಗಿದ್ದು ಅದೇ ಮೊದಲು. ಇದನ್ನು ಆಕೆ ಹಬ್ಬದ ಊಟದ ಸುದ್ದಿ ಹೇಳುವಷ್ಟು ಹಿಗ್ಗಿನಿಂದ ನನಗೆ ಹೇಳಿದ್ದಳು.

ನನ್ನ ಮನೆಗೆ ಬರುವ ರೀತಿಯೂ ಬದಲಾಯಿತು. ಮೊದಲು ಹಿತ್ತಲ ಬಾಗಿಲಿನಿಂದ ಬಂದು, ಯಾರೂ ಹೇಳದಿದ್ದರೂ ಮುಸುರೆ ತಿಕ್ಕಿ, ಊಟದ ಹೊತ್ತಿಗೆ ಸರಿಯಾಗಿ ಬಸ್ಸಿನ ನೆಪ ಹೇಳಿ ಎದ್ದು ಬಿಡುತ್ತಿದ್ದಳು. ಪಿಂಚಣಿ ಶುರುವಾದ ವರ್ಷ ಶ್ರಾವಣ ಹತ್ತಿರ ಬಂದಾಗ ಮುಂಬಾಗಿಲಿನಿಂದಲೇ ಬಂದಳು. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. ನೇರವಾಗಿ ನನ್ನ ಅತ್ತೆಯ ಎದುರು ಕುಳಿತಳು.

"ಬೀಗತೇರ, ಪಂಚಮಿಗಿ ಮಗಳಿಗಿ ಕರೀಲಾಕ ಬಂದೀನ್ರಿ. ಕಳಸ್ರಿ."

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಕೈ ನಿಂತಿತು. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಹಾಗೇ ಹೋಗುವಂತಿಲ್ಲ, ತವರಿನವರು ಬಂದು ಕರೆಯಬೇಕು. ನನ್ನ ಅವ್ವ ಅಪ್ಪ ಇಬ್ಬರೂ ಹೋದ ಮೇಲೆ ನನ್ನನ್ನು ಕರೆಯುವವರು ಇರಲಿಲ್ಲ. ಓಣಿಯ ಸೊಸೆಯಂದಿರೆಲ್ಲ ಚೀಲ ಹಿಡಿದು ಹೊರಟಾಗ ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಇರುತ್ತಿದ್ದೆ.

"ಅಕ್ಕಾರ, ನಿಮಗ ಸುಮ್ನ ತ್ರಾಸ ಅಲ್ಲೇನು?" ಎಂದರು ಅತ್ತೆ. ನಿಮ್ಮಲ್ಲಿ ಏನಿದೆ ಎಂಬ ಮಾತನ್ನು ಅದಕ್ಕಿಂತ ಮೆತ್ತಗೆ ಹೇಳಲು ಬರುವುದಿಲ್ಲ.

"ತ್ರಾಸ ಏನದರಿ? ನನಗ ಪಗಾರ ಬರ್ತದ. ನಾನೂ ರಜಾ ಹಾಕೀನಿ" ಎಂದಳು ದೊಡ್ಡವ್ವ. ಅತ್ತೆ ನಕ್ಕುಬಿಟ್ಟರು. ನಕ್ಕ ಮೇಲೆ ಕಳಿಸದೆ ಇರಲಾಗಲಿಲ್ಲ.

ಹೀಗೆ ನನಗೆ ತವರು ಬಂತು. ಬೇವಿನ ಗಿಡಕ್ಕೆ ಜೋಕಾಲಿ, ಡಬ್ಬಿಯಲ್ಲಿ ಶೇಂಗಾದ ಉಂಡಿ, ಎಳ್ಳಿನ ಉಂಡಿ, ಮೊರದ ತುಂಬ ಜೋಳದ ಅಳ್ಳು. ಉಡಿ ತುಂಬಲು ತಾನು ಕೈ ಹಚ್ಚಬಾರದೆಂದು ಪಕ್ಕದ ಮನೆಯ ಮುತ್ತೈದೆಯನ್ನು ಕರೆಸಿ, ತಾನು ದೂರ ನಿಂತು, "ಅಕ್ಕಿ ಇನ್ನಷ್ಟು ಹಾಕು, ಕೈ ಹಿಡೀಬ್ಯಾಡ" ಎಂದು ಅಧಿಕಾರಿಯಂತೆ ಹುಕುಂ ಮಾಡುವಳು. ವರ್ಷ ವರ್ಷ ಹೀಗೇ ನಡೆಯಿತು.

ಒಂದು ವರ್ಷ ಮಾತ್ರ ದೊಡ್ಡವ್ವ ಕರೆಯಲು ಬರಲಿಲ್ಲ. ಮನಿ ಆರ್ಡರ್ ಕೆಲವು ತಿಂಗಳಿಂದ ಬಂದಿಲ್ಲವೆಂಬ ಸುದ್ದಿ ಊರವರಿಂದ ಸಿಕ್ಕಿತು. ಪಂಚಮಿಯ ಹಿಂದಿನ ದಿನ ನಾನು ತಡೆಯಲಾರದೆ ಕರೆಯದಿದ್ದರೂ ಕಮಲಾಪುರದ ಬಸ್ಸು ಹತ್ತಿದೆ. ಪೋಸ್ಟ್ ಆಫೀಸಿನ ಮುಂದೆ ದೊಡ್ಡವ್ವ ಕಸ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಆಕೆಯ ಮುಖ ಸಪ್ಪಗಾಯಿತು.

"ಕರೀಲಾರದ ಯಾಕ ಬಂದಿ? ಮನ್ಯಾಗ ಉಂಡಿ ಇಲ್ಲ."

"ಪಗಾರ ಇಲ್ಲ, ಆದ್ರೂ ಕಸ ಹೊಡೀತಿ. ಸ್ಟ್ರೈಕ್ ಮಾಡು ದೊಡ್ಡವ್ವ" ಎಂದು ನಗಿಸಲು ನೋಡಿದೆ. ಆಕೆ ನಗಲಿಲ್ಲ. "ಇಲ್ಲೇ ಕುಂಡ್ರು, ಬರ್ತೀನಿ" ಎಂದು ನನ್ನನ್ನು ಆಫೀಸಿನ ಕಟ್ಟೆಯ ಮೇಲೆ ಕೂರಿಸಿ ಎಲ್ಲಿಗೋ ಹೊರಟಳು.

ಪೋಸ್ಟ್‌ಮ್ಯಾನ್ ಹೊರಗೆ ಬಂದ. "ತಂಗಿ, ಇದು ನೌಕರಿ ಅಲ್ಲಂತ ನಿಮ್ಮ ದೊಡ್ಡವ್ವಗ ಗೊತ್ತದ. ಕೆಲಸ ಮಾಡಬೇಕಿಲ್ಲ, ಕುಂತು ಉಣ್ರಿ ಅಂತ ಮೊದಲನೇ ತಿಂಗಳೇ ನಾ ಹೇಳೀನಿ."

"ಮತ್ತ ಏನಂದಳ್ರಿ?"

"'ನಾ ಕುಂತು ಉಣ್ತಿದ್ದೆ ಸಾಹೇಬ್ರ. ಆದ್ರ ತಂಗಿ ಮಗಳಿಗಿ ತವರಮನಿ ಮಾಡಬೇಕಂತೀನಿ. ಆಕಿಗಿ ಕಟ್ಟೋ ಉಂಡಿ ಬಿಟ್ಟಿ ರೊಕ್ಕದ್ದು ಇರಬಾರದು, ದುಡದ ರೊಕ್ಕದ್ದೇ ಇರಬೇಕು' ಅಂದಳು."

ಇಷ್ಟು ವರ್ಷ ನಾವೆಲ್ಲ ನಕ್ಕದ್ದು ಯಾವುದಕ್ಕೆ ಎಂದು ಆಗ ತಿಳಿಯಿತು. ಅಷ್ಟರಲ್ಲಿ ದೊಡ್ಡವ್ವ ಸೆರಗಿನಲ್ಲಿ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಬಂದಳು.

"ಇದು ತಿಂದು ಬಸ್ ಹತ್ತು. ಪಗಾರ ಬಂದ ಮ್ಯಾಲ ಬಂದು ಕರೀತೀನಿ. ಈ ಸಲ ಬಂದಿದ್ದು ಲೆಕ್ಕಕ್ಕ ಹಿಡಿಯಂಗಿಲ್ಲ."

ಹೇಳಿದಂತೆ ಬಂದಳು, ದೀಪಾವಳಿಯೂ ಮುಗಿದ ಮೇಲೆ! "ಬೀಗತೇರ, ಪಂಚಮಿಗಿ ಮಗಳಿಗಿ ಕಳಸ್ರಿ" ಎಂದಳು. ಅತ್ತೆ ಈ ಸಲ ನಗಲಿಲ್ಲ, ಎದ್ದು ನನ್ನ ಚೀಲಕ್ಕೆ ಹೊಸ ಸೀರೆ ಹಾಕಿದರು. ಕಾರ್ತೀಕದ ಚಳಿಯಲ್ಲಿ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ ನಾನು ಜೀಕಿದ್ದನ್ನು ಇಡೀ ಓಣಿ ನಿಂತು ನೋಡಿತು.

ದೊಡ್ಡವ್ವ ಹೋಗಿ ಈಗ ಕೆಲವು ವರ್ಷಗಳಾದವು. ಶ್ರಾವಣ ಬಂದಿದೆ. ನಾನೇ ಉಂಡಿ ಕಟ್ಟಿ ಡಬ್ಬಿ ತುಂಬಿದ್ದೇನೆ, ಮುಂಬಾಗಿಲು ತೆರೆದೇ ಇಟ್ಟಿದ್ದೇನೆ, ಕಿವಿಯೆಲ್ಲ ಹೊರಗೇ ಇದೆ. ಪಂಚಮಿಗೇ ಬರಬೇಕೆಂದಿಲ್ಲ, ದೊಡ್ಡವ್ವ. ಕಾರ್ತೀಕವಾದರೂ ಸರಿ. ಒಂದು ಸಲ ರಜಾ ಹಾಕಿ ಬಂದು ಕರೆ.